ಸಾರಲು ಹೋಗಿ ಕಲಿಯಲು ಕುಳಿತವರು

ಶಹಾಬಾದಿನ ನಮ್ಮ ಮನೆಯಲ್ಲಿ ದಾದಾ ಅವರ ಕಾಲದ ಒಂದು ತಗಡಿನ ಟ್ರಂಕು ಇದೆ. ಮನೆಯ ಕಾಗದಪತ್ರ, ಹಳೆಯ ರೇಷನ್ ಕಾರ್ಡುಗಳ ಜೊತೆ ಅದರಲ್ಲಿ ಒಂದು ನೋಟುಪುಸ್ತಕವೂ ಉಳಿದುಕೊಂಡಿದೆ. ಬಲಗಡೆಯಿಂದ ತೆರೆದರೆ ಉರ್ದು, ಎಡಗಡೆಯಿಂದ ತೆರೆದರೆ ಕನ್ನಡ. ಕನ್ನಡ ಪದ, ಅದರ ಕೆಳಗೆ ಉರ್ದು ಲಿಪಿಯಲ್ಲಿ ಅದರ ಉಚ್ಚಾರ, ಪಕ್ಕದಲ್ಲಿ ಅರ್ಥ. 'ಳ'ಕಾರಕ್ಕೆ ಉರ್ದುವಿನಲ್ಲಿ ಅಕ್ಷರವಿಲ್ಲ. ದಾದಾ 'ಲಾಮ್' ಅಕ್ಷರದ ಅಡಿಗೆ ಒಂದು ಚುಕ್ಕೆ ಇಟ್ಟು ತಮ್ಮದೇ ಒಂದು ಅಕ್ಷರ ಮಾಡಿಕೊಂಡಿದ್ದರು.

ದಾದಾ ಚಿತ್ತಾಪುರದ ಉರ್ದು ಶಾಲೆಯಲ್ಲಿ ಮುದರ್ರಿಸ್ ಆಗಿದ್ದವರು. ನಿಜಾಮರ ಆಳ್ವಿಕೆಯಲ್ಲಿ ಕಚೇರಿ, ಕೋರ್ಟು, ಮೇಲಿನ ಓದು ಎಲ್ಲವೂ ಉರ್ದುವಿನಲ್ಲಿ ನಡೆಯುತ್ತಿತ್ತು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಾ ಭಾಷೆಯೇ ಉರ್ದು. 1948ರ ಸೆಪ್ಟೆಂಬರಿನಲ್ಲಿ ಆ ರಾಜ್ಯ ಭಾರತದಲ್ಲಿ ಸೇರಿಹೋಯಿತು. ಮೂವತ್ತು ದಾಟಿದ ನಮ್ಮ ದಾದಾ ಅಆಇಈ ಕಲಿಯಲು ಕುಳಿತರು. ಕಲಿಸಿದವರು ವಾಡಿಯ ಒಬ್ಬ ಕ್ರೈಸ್ತ ಮಾಸ್ತರರು. ರವಿವಾರ ರೈಲ್ವೆ ಕಾಲೋನಿಯಲ್ಲಿ ಪ್ರಾರ್ಥನೆ ನಡೆಸುವುದು, ಉಳಿದ ದಿನ ಮಕ್ಕಳಿಗೆ ಪಾಠ ಹೇಳುವುದು ಅವರ ಕೆಲಸ. ದಾದಿ ಅವರನ್ನು ನೆನೆಯುವಾಗಲೆಲ್ಲ ಒಂದೇ ಮಾತು ಹೇಳುತ್ತಿದ್ದರು: 'ಮಾಸ್ಟರ್ ಸಾಬ್ ಪೈಲೇ ಕಾನ್ ದಿಯೆ, ಬಾದ್ಮೆ ಜುಬಾನ್.' ಮಾಸ್ತರರು ಮೊದಲು ಕಿವಿ ಕೊಟ್ಟರು, ಆಮೇಲೆ ಭಾಷೆ ಕೊಟ್ಟರು ಎಂದು ಅರ್ಥ.

ಈ ಮಾತು ನಮಗೆ ಮತ್ತೆ ನೆನಪಾದದ್ದು ರೆವರೆಂಡ್ ಉತ್ತಂಗಿ ಚನ್ನಪ್ಪನವರ ಕೃತಿಗಳನ್ನು ಓದಲು ಕುಳಿತಾಗ. ಉತ್ತಂಗಿಯವರು 1949ರಲ್ಲಿ ಕಲಬುರಗಿಯಲ್ಲಿ ನಡೆದ 32ನೆಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. ಸರ್ವಜ್ಞನ ವಚನಗಳನ್ನು ಒಟ್ಟುಮಾಡಿ ಕನ್ನಡಿಗರ ಕೈಗಿತ್ತವರು. 'ತಿರುಳ್ಗನ್ನಡದ ತಿರುಕ' ಎಂದು ಹೆಸರಾದವರು. ಇಷ್ಟನ್ನು ಶಾಲೆಯ ಪಠ್ಯಗಳೂ ಹೇಳುತ್ತವೆ. ಅವರು ಬದುಕಿನುದ್ದಕ್ಕೂ ಕ್ರೈಸ್ತ ಬೋಧಕರಾಗಿದ್ದರು ಎಂಬುದನ್ನು ಮಾತ್ರ ಒಂದು ಸಾಲಿನಲ್ಲಿ ಮುಗಿಸಲಾಗುತ್ತದೆ. 'ಕ್ರೈಸ್ತರಾಗಿದ್ದರೂ' ಎಂಬ ಪದ ಆ ಸಾಲಿನಲ್ಲಿ ಬಾರದೆ ಇರುವುದು ಅಪರೂಪ. ಆ 'ರೂ' ಪ್ರತ್ಯಯದ ಬಗ್ಗೆಯೇ ನಮಗೆ ಕೆಲವು ಪ್ರಶ್ನೆಗಳಿವೆ.

ಉರ್ದುವಿನಲ್ಲಿ ಎರಡು ಪದಗಳಿವೆ, ಮುಬಲ್ಲಿಗ್ ಮತ್ತು ಮುಅಲ್ಲಿಮ್. ಸಂದೇಶವನ್ನು ತಲುಪಿಸುವವನು ಮುಬಲ್ಲಿಗ್. ಕಲಿಸುವವನು ಮುಅಲ್ಲಿಮ್. ಮುಬಲ್ಲಿಗನಿಗೆ ಸಂದೇಶ ಮೊದಲೇ ಗೊತ್ತಿರುತ್ತದೆ, ಮುಟ್ಟಿಸಿದರೆ ಅವನ ಕೆಲಸ ಆಯಿತು. ಮುಅಲ್ಲಿಮನ ಕೆಲಸ ಅಷ್ಟಕ್ಕೇ ಮುಗಿಯುವುದಿಲ್ಲ. ಎದುರಿಗಿರುವವನಿಗೆ ಏನು ಗೊತ್ತಿದೆ ಎಂಬುದನ್ನು ಅವನು ಮೊದಲು ತಿಳಿಯಬೇಕು, ಅಂದರೆ ತಾನೇ ಒಂದಷ್ಟು ಕಾಲ ತಾಲಿಬ್ ಆಗಬೇಕು, ವಿದ್ಯಾರ್ಥಿಯಾಗಬೇಕು. ಕನ್ನಡದ 'ಬೋಧಕ' ಎಂಬ ಪದದೊಳಗೆ ಈ ಎರಡು ಅರ್ಥಗಳೂ ಬೆರೆತುಕೊಂಡಿವೆ. ಉತ್ತಂಗಿಯವರ ಬರವಣಿಗೆಯನ್ನು ಒಂದರಿಂದ ಇನ್ನೊಂದಕ್ಕೆ ನಡೆದ ನಿಧಾನದ ಪಯಣವಾಗಿ ಓದಬಹುದು ಎಂಬುದು ನಮ್ಮ ಅನಿಸಿಕೆ.

ಅವರು ಹುಟ್ಟಿದ್ದು 1881ರಲ್ಲಿ, ಧಾರವಾಡದಲ್ಲಿ. ಬಾಸೆಲ್ ಮಿಷನ್ನಿನ ಶಾಲೆಯಲ್ಲಿ ಕಲಿತು, ಮಂಗಳೂರಿನಲ್ಲಿ ಆ ಮಿಷನ್ನಿನ ದೇವಜ್ಞಾನ ಶಾಲೆಯಲ್ಲಿ ಓದಿ, ಬೋಧಕರಾದರು. 1834ರಲ್ಲಿ ಮಂಗಳೂರಿಗೆ ಬಂದ ಈ ಮಿಷನ್ನಿಗೆ ಅಷ್ಟು ಹೊತ್ತಿಗೆ ಕನ್ನಡದಲ್ಲಿ ಒಂದು ಪರಂಪರೆಯೇ ಬೆಳೆದಿತ್ತು. ಹರ್ಮನ್ ಮೋಗ್ಲಿಂಗ್ 1843ರಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆ ಹೊರಡಿಸಿದರು, ಹಳೆಯ ಕಾವ್ಯಗಳನ್ನೂ ದಾಸರ ಪದಗಳನ್ನೂ ಕಲ್ಲಚ್ಚಿನಲ್ಲಿ ಮುದ್ರಿಸಿದರು. ಫರ್ಡಿನಾಂಡ್ ಕಿಟ್ಟೆಲ್ 1894ರಲ್ಲಿ ಸುಮಾರು 70 ಸಾವಿರ ಪದಗಳ ನಿಘಂಟು ಕೊಟ್ಟರು. ಯಾರನ್ನು ತಿದ್ದಲು ಬಂದೆವೋ ಅವರ ಮಾತನ್ನು ಮೊದಲು ಕಲಿಯಬೇಕಾಗುತ್ತದೆ. ಕಲಿಯುತ್ತ ಹೋದಂತೆ ತಿದ್ದುವ ಹಟ ಎಷ್ಟೋ ಸಲ ಸಡಿಲಾಗುತ್ತದೆ. ಆದರೆ ಮೋಗ್ಲಿಂಗ್, ಕಿಟ್ಟೆಲ್ ಹೊರಗಿನಿಂದ ಬಂದವರು. ಕನ್ನಡ ಅವರಿಗೆ ಕಲಿತ ಭಾಷೆ. ಉತ್ತಂಗಿಯವರಿಗೆ ಅದು ತಾಯಿಯ ಭಾಷೆ. ಬೋಧಕರಾಗಿ ಹಳ್ಳಿಗೆ ಹೋದಾಗ ಅವರು ಎದುರಿಸಿದ್ದು ತಮ್ಮದೇ ಜನರನ್ನು.

ಹಳ್ಳಿಯ ಸಂತೆಯಲ್ಲಿ, ಜಾತ್ರೆಯಲ್ಲಿ ನಿಂತು ಮಾತಾಡುವವನಿಗೆ ಒಂದು ಕಷ್ಟವಿದೆ. ಜನ ನಿಲ್ಲುವುದಿಲ್ಲ. ನಿಲ್ಲಿಸಬೇಕಾದರೆ ಅವರ ನಾಲಗೆಯ ಮೇಲಿರುವುದನ್ನು ಎತ್ತಬೇಕು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹಾಗೆ ನಾಲಗೆಯ ಮೇಲಿದ್ದವನು ಸರ್ವಜ್ಞ. ಮೂರೇ ಸಾಲು, ಕೊನೆಗೆ ಅವನ ಹೆಸರು. ಗೌಡನಿಗೂ ಗೊತ್ತು, ಕೂಲಿಯವನಿಗೂ ಗೊತ್ತು. ಆದರೆ ಎಲ್ಲರ ಬಾಯಲ್ಲಿದ್ದವನು ಅಚ್ಚುಕಟ್ಟಾಗಿ ಒಂದು ಪುಸ್ತಕದಲ್ಲಿ ಇರಲಿಲ್ಲ. ಉತ್ತಂಗಿಯವರು ಊರೂರು ತಿರುಗಿ, ಓಲೆಗರಿ, ಕೈಬರಹಗಳನ್ನು ಹುಡುಕಿ, ಬಾಯಿಂದ ಬಾಯಿಗೆ ಬಂದದ್ದನ್ನು ಕೇಳಿ ಬರೆದುಕೊಂಡು 1924ರಲ್ಲಿ ಸುಮಾರು ಎರಡು ಸಾವಿರ ತ್ರಿಪದಿಗಳನ್ನು ಪ್ರಕಟಿಸಿದರು. ಅಲ್ಲಿಯವರೆಗೆ ಕೊಡಲು ಹೋಗುತ್ತಿದ್ದ ಬೋಧಕ ಈಗ ಬೇಡಲು ಹೋದ. 'ತಿರುಕ' ಎಂಬ ಬಿರುದನ್ನು ನಾವು ವಿನಯದ ಅಲಂಕಾರವೆಂದು ತಿಳಿಯಬಾರದು. ಜೋಳಿಗೆ ಹಿಡಿದು ತಿರುಗಿದ ಒಬ್ಬ ಕವಿಯ ಪದಗಳಿಗಾಗಿ ಇನ್ನೊಬ್ಬ ಜೋಳಿಗೆ ಹಿಡಿದದ್ದು ನಡೆದ ಸಂಗತಿ. ಕೇಳಿದರೆ ಕೊಡುತ್ತಾರೆ, ಕೊಟ್ಟವರ ಮುಂದೆ ತಲೆ ತಗ್ಗಿಸಬೇಕಾಗುತ್ತದೆ ಎಂಬ ಪಾಠವನ್ನು ಯಾವ ದೇವಜ್ಞಾನ ಶಾಲೆಯೂ ಕಲಿಸಲಾರದು.

ಹಾಗೆಂದು ಆ ಸಂಪಾದನೆಯನ್ನು ಕಣ್ಣುಮುಚ್ಚಿ ಹೊಗಳಬೇಕಾಗಿಲ್ಲ. ವಚನಗಳನ್ನು ವಿಷಯಕ್ಕೆ ತಕ್ಕಂತೆ ವಿಂಗಡಿಸಿ ಜೋಡಿಸುವ ಕ್ರಮದಿಂದ ಓದುಗನಿಗೆ ಅನುಕೂಲವಾಯಿತು, ನಿಜ. ಆದರೆ ಆ ಕ್ರಮದ ಹಿಂದೆ ಪ್ರಸಂಗ ಹೇಳುವವನ ಅಭ್ಯಾಸವೂ ಇದೆ. ಇಂಥ ವಿಷಯಕ್ಕೆ ಇಂಥ ವಚನ ಎಂದು ಕೈಗೆ ಸಿಗುವಂತೆ ಇಟ್ಟಾಗ ಸರ್ವಜ್ಞ ನೀತಿ ಹೇಳುವ ಹಿರಿಯನಾಗುತ್ತಾನೆ. ಊಟದ ರುಚಿಯನ್ನೂ, ಒಡೆಯನ ಡಾಂಭಿಕತನವನ್ನೂ, ಗುರುಗಳ ಹೊಟ್ಟೆಯನ್ನೂ ಒಂದೇ ಉಸಿರಿನಲ್ಲಿ ಗೇಲಿ ಮಾಡುವ ಆ ಅಲೆಮಾರಿ ಎಲ್ಲೋ ಹಿಂದೆ ಸರಿಯುತ್ತಾನೆ. ಹೆಣ್ಣಿನ ಬಗ್ಗೆ, ಕೆಲವು ಜಾತಿಗಳ ಬಗ್ಗೆ ಈ ತ್ರಿಪದಿಗಳಲ್ಲಿರುವ ಹಗುರ ಮಾತುಗಳೂ ನೀತಿಯ ಸಾಲಿನಲ್ಲೇ ಕುಳಿತು ಬಿಡುತ್ತವೆ. ಬಾಯಿಮಾತಿನ ಪರಂಪರೆಯಲ್ಲಿ ಯಾವುದು ಸರ್ವಜ್ಞನದು, ಯಾವುದು ಅವನ ಹೆಸರಿನಲ್ಲಿ ಜನ ಕಟ್ಟಿದ್ದು ಎಂಬುದೂ ಸುಲಭದ ಪ್ರಶ್ನೆಯಲ್ಲ. ಇಷ್ಟಾದರೂ ಒಂದು ಮಾತು ಉಳಿಯುತ್ತದೆ. ಆ ಮನುಷ್ಯ ಹೊರಡದಿದ್ದರೆ ನಮಗೆ ಈ ಪ್ರಶ್ನೆ ಕೇಳಲು ಪುಸ್ತಕವೇ ಇರುತ್ತಿರಲಿಲ್ಲ.

ಇನ್ನು ಅವರ 'ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ' ಎಂಬ ಪುಸ್ತಕದ ವಿಷಯ. ಸರ್ವಜ್ಞನ ಸಂಪಾದಕನನ್ನು ಹೊಗಳುವ ವಿಮರ್ಶಕರು ಈ ಪುಸ್ತಕದ ಹತ್ತಿರ ಬಂದಾಗ ಕಾಲು ಬೇಗ ಹಾಕುತ್ತಾರೆ. ಕಾರಣ ಸ್ಪಷ್ಟ. ಇಲ್ಲಿ ಉತ್ತಂಗಿಯವರು ಸೌಹಾರ್ದದ ಸಂಕೇತವಾಗಿ ಸುಮ್ಮನೆ ನಿಲ್ಲುವುದಿಲ್ಲ. ಯೇಸು ಕ್ರಿಸ್ತನಲ್ಲಿ ತಮಗೆ ಸಿಕ್ಕದ್ದನ್ನು ಹಿಂದೂ ಸಮಾಜದ ಮುಂದೆ ಇಡುತ್ತಾರೆ. ಆದರೆ ಹೆಸರನ್ನು ಗಮನಿಸಬೇಕು. 19ನೆಯ ಶತಮಾನದ ಮಿಷನರಿ ಕರಪತ್ರಗಳ ಮುಖ್ಯ ದನಿ ಖಂಡನೆಯದು. ಉತ್ತಂಗಿಯವರು ಬಳಸಿದ ಪದ 'ವಿನಂತಿ'. ವಿನಂತಿಯನ್ನು ಒಪ್ಪಲೂಬಹುದು, ಬಿಡಲೂಬಹುದು. ಬಿಟ್ಟರೆ ಮಾತು ಮುರಿಯುವುದಿಲ್ಲ. ಬನಾರಸ ದೊಡ್ಡ ಪಟ್ಟಣ, ಬೆತ್ಲೆಹೇಮ್ ಸಣ್ಣ ಊರು. ಸಣ್ಣ ಊರಿನವನು ದೊಡ್ಡ ಊರಿನವನ ಬಾಗಿಲಿಗೆ ಬಂದು ನಿಂತ ಭಂಗಿ ಈ ಹೆಸರಿನಲ್ಲಿದೆ.

ನಾವು ಮುಸ್ಲಿಮರು. ಯೇಸುವನ್ನು ಈಸಾ ಅಲೈಹಿಸ್ಸಲಾಮ್ ಎಂದು ಪ್ರವಾದಿಗಳ ಸಾಲಿನಲ್ಲಿ ಗೌರವಿಸುತ್ತೇವೆ. ಉತ್ತಂಗಿಯವರು ನಂಬಿದಂತೆ ನಂಬುವುದಿಲ್ಲ. ಆದ್ದರಿಂದ ಅವರ ವಿನಂತಿಯನ್ನು ಒಪ್ಪದವರ ಸಾಲಿನಲ್ಲಿ ನಾವೂ ಇದ್ದೇವೆ. ಆದರೆ ಒಪ್ಪದಿರುವುದು ಬೇರೆ, ಆ ಪುಸ್ತಕವೇ ಇಲ್ಲವೆಂಬಂತೆ ನಡೆದುಕೊಳ್ಳುವುದು ಬೇರೆ. ನಂಬಿಕೆಯನ್ನು ಕಿತ್ತುಹಾಕಿ ಉಳಿದ ಉತ್ತಂಗಿಯವರನ್ನು ಮೆರವಣಿಗೆ ಮಾಡುವುದು ಗೌರವವಲ್ಲ. ನಮ್ಮ ಶಿಶುನಾಳ ಷರೀಫರಿಗೂ ಇದೇ ಆಗಿದೆ. ಅವರು ಕೆಲ ಕಾಲ ಶಾಲಾ ಮಾಸ್ತರರಾಗಿ ದುಡಿದವರು, 1889ರಲ್ಲಿ ತೀರಿಕೊಂಡರು. ಇಂದು ವೇದಿಕೆಗಳಲ್ಲಿ ಹಾಡಿಸಿಕೊಳ್ಳುತ್ತಾರೆ, ಆದರೆ ಅವರ ಮೊಹರಂ ಪದಗಳನ್ನು ಕೇಳುವವರು ಕಡಿಮೆ. ಅಲ್ಪಸಂಖ್ಯಾತ ಲೇಖಕ ಬಹುಸಂಖ್ಯಾತರ ಬಗ್ಗೆ ಬರೆದದ್ದು ನಾಡಿನ ಸಾಹಿತ್ಯ, ತನ್ನ ಒಳಗಿನ ಬಗ್ಗೆ ಬರೆದದ್ದು ಅವನ ಖಾಸಗಿ ಸಂಗತಿ ಎಂಬ ಲೆಕ್ಕ ಎಷ್ಟು ಸರಿ?

ಉತ್ತಂಗಿಯವರು ವಚನ ಸಾಹಿತ್ಯಕ್ಕೆ ಕೊಟ್ಟ ವರ್ಷಗಳನ್ನೂ ಈ ಪ್ರಶ್ನೆಯ ಬೆಳಕಿನಲ್ಲಿ ನೋಡಬೇಕು. 'ಸಿದ್ಧರಾಮ ಸಾಹಿತ್ಯ ಸಂಗ್ರಹ', 'ಲಿಂಗಾಯತ ಧರ್ಮ ಮತ್ತು ಕ್ರೈಸ್ತ ಧರ್ಮ' ಮುಂತಾದ ಕೃತಿಗಳಿವೆ. ಅನುಭವ ಮಂಟಪ ಎಂಬುದೇ ಇರಲಿಲ್ಲ ಎಂಬ ವಾದ ಎದ್ದಾಗ ಅದು ಇತ್ತು ಎಂದು ಸಾಧಿಸಲು 'ಅನುಭವ ಮಂಟಪದ ಐತಿಹಾಸಿಕತೆ' (1951) ಬರೆದವರು ಈ ಕ್ರೈಸ್ತ ಪಾದ್ರಿ. ಬೇರೆ ಧರ್ಮದವರ ನೆನಪನ್ನು ಕಾಯಲು ಇಷ್ಟು ಶ್ರಮಪಟ್ಟ ಬೋಧಕರು ಯಾವ ಧರ್ಮದಲ್ಲಿ ಎಷ್ಟು ಜನ ಸಿಗುತ್ತಾರೆ? ಕೆಳಗಿನವರೂ ಹೆಂಗಸರೂ ಸಮನಾಗಿ ಕುಳಿತು ಮಾತಾಡಿದ ಸಭೆಯೊಂದು ಈ ನೆಲದಲ್ಲಿ ನಡೆದಿತ್ತು ಎಂಬುದು ಅವರಿಗೆ ಬೇಕಾಗಿತ್ತು. ಆ ಬೇಕು ಅವರ ವಾದಕ್ಕೆ ಬಲವೂ ಹೌದು, ಮಿತಿಯೂ ಹೌದು. ಶೂನ್ಯಸಂಪಾದನೆಗಳು ಬಸವಣ್ಣನವರ ಕಾಲದ ಬಳಿಕ ಎರಡು ಮೂರು ಶತಮಾನ ಕಳೆದು ಸಿದ್ಧವಾದವು. ಅವು ನಂಬಿಕೆಯ ನೆನಪನ್ನು ಹೇಳುತ್ತವೆ, ಗೋಡೆಗಳ ಅಳತೆಯನ್ನು ಹೇಳುವುದಿಲ್ಲ.

ಇದು ಬರೀ ಪಂಡಿತರ ಚರ್ಚೆಯಾಗಿ ಉಳಿದಿಲ್ಲ. 2022ರಲ್ಲಿ ಬಸವಕಲ್ಯಾಣದ ಪೀರ್ ಪಾಷಾ ಬಂಗಲೆಯೇ ಮೂಲ ಅನುಭವ ಮಂಟಪ, ಅದನ್ನು ಬಿಟ್ಟುಕೊಡಬೇಕು ಎಂದು ಕೆಲ ಮಠಾಧೀಶರು ಹಕ್ಕೊತ್ತಾಯ ಎತ್ತಿದರು. ಉತ್ತಂಗಿಯವರನ್ನು ಇದಕ್ಕೆ ಹೊಣೆ ಮಾಡುವುದು ಅನ್ಯಾಯ. ಅವರು ಹುಡುಕಿದ್ದು ಸೇರಿ ಕೂಡುವ ಸಭೆಯನ್ನು, ಹೊರಹಾಕುವ ಕಟ್ಟಡವನ್ನಲ್ಲ. ಆದರೆ ಸಭೆಯ ನೆನಪನ್ನು ಕಲ್ಲುಗೋಡೆಗೆ ಕಟ್ಟಿಹಾಕಿದರೆ ಮುಂದೊಂದು ದಿನ ಗೋಡೆಯ ಜಗಳ ಬರುತ್ತದೆ ಎಂಬ ಎಚ್ಚರ ಅವರ ಓದುಗರಾದ ನಮಗೆ ಇರಬೇಕು.

ಈಗ 1949ಕ್ಕೆ ಬರೋಣ. ಕಲಬುರಗಿಯಲ್ಲಿ ಅದಕ್ಕೂ ಮೊದಲು, 1928ರಲ್ಲಿ, ಬಿ.ಎಂ.ಶ್ರೀಕಂಠಯ್ಯನವರ ಅಧ್ಯಕ್ಷತೆಯಲ್ಲಿ ಸಮ್ಮೇಳನ ನಡೆದಿತ್ತು. ಆಗ ಕನ್ನಡ ಇಲ್ಲಿ ಅಧಿಕಾರವಿಲ್ಲದ ಭಾಷೆ. 1949ರಲ್ಲಿ ಅದು ಗೆದ್ದ ಭಾಷೆ. ನಡುವೆ ಏನಾಯಿತು ಎಂಬುದನ್ನು ಎರಡೂ ಕಡೆಯಿಂದ ಹೇಳಬೇಕು. ರಜಾಕಾರರು ಹಳ್ಳಿಗಳಲ್ಲಿ ನಡೆಸಿದ ಸುಲಿಗೆ, ಕೊಲೆಗಳನ್ನು ಈ ಸೀಮೆಯ ಹಿಂದೂ ಮನೆಗಳು ಮರೆತಿಲ್ಲ, ಮರೆಯಿರಿ ಎನ್ನುವ ಹಕ್ಕು ನಮಗಿಲ್ಲ. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ಹೊತ್ತಿನಲ್ಲಿ ಮತ್ತು ಅದರ ಬೆನ್ನಿಗೆ ರಾಜ್ಯದಾದ್ಯಂತ 27 ಸಾವಿರದಿಂದ 40 ಸಾವಿರದಷ್ಟು ಜನ ಸತ್ತರು ಎಂದು ಪಂಡಿತ್ ಸುಂದರಲಾಲ್ ಸಮಿತಿ ಅಂದಾಜಿಸಿತು. ಸತ್ತವರಲ್ಲಿ ಬಹುಪಾಲು ಮುಸ್ಲಿಮರು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಕಲಬುರಗಿ ಒಂದು, ಬೀದರ ಇನ್ನೊಂದು. ಆ ವರದಿ 2013ರವರೆಗೆ ಸಾರ್ವಜನಿಕರ ಕಣ್ಣಿಗೆ ಬೀಳಲಿಲ್ಲ. ಸೇಡಂ, ಚಿತ್ತಾಪುರ, ಚಿಂಚೋಳಿಯ ನಮ್ಮ ಹಿರಿಯರು ಅದನ್ನು ವರದಿಯಲ್ಲಿ ಓದಬೇಕಾಗಿರಲಿಲ್ಲ.

ಆ ಗಾಯ ಇನ್ನೂ ಹಸಿಯಾಗಿದ್ದಾಗ ಕನ್ನಡದ ಸಭೆ ಒಬ್ಬ ಕ್ರೈಸ್ತ ಬೋಧಕರನ್ನು ಅಧ್ಯಕ್ಷ ಪೀಠದಲ್ಲಿ ಕೂರಿಸಿತು. ಕನ್ನಡ ಒಂದು ಧರ್ಮದವರ ಸೊತ್ತಲ್ಲ ಎಂಬ ಮಾತನ್ನು ಇದಕ್ಕಿಂತ ಚೆನ್ನಾಗಿ ಹೇಳುವುದು ಕಷ್ಟವಿತ್ತು. ಇದನ್ನು ನಾವು ಕೃತಜ್ಞತೆಯಿಂದಲೇ ಹೇಳುತ್ತೇವೆ. ಆದರೆ ಒಂದು ಸಂಗತಿಯನ್ನು ಸೇರಿಸಬೇಕು. ಅಂದು ಭಾಷೆ ಕಳೆದುಕೊಂಡು ಕುಳಿತಿದ್ದವರಿಗೆ ವೇದಿಕೆ ಭಾಷೆ ಕಲಿಸಲಿಲ್ಲ. ನಮ್ಮ ದಾದಾ ಅವರಂಥವರು ಕನ್ನಡಕ್ಕೆ ಬಂದದ್ದು ಸಮ್ಮೇಳನದ ಮಂಟಪದಿಂದಲ್ಲ, ವಾಡಿಯ ಒಂದು ಸಣ್ಣ ಕೋಣೆಯಿಂದ. ಸಮ್ಮೇಳನಗಳ ಇತಿಹಾಸ ಬರೆಯುವವರಿಗೆ ಆ ಕೋಣೆ ಕಾಣುವುದಿಲ್ಲ.

ನೋಡಿದರೆ ಇದು ಕಲಿಸುವವರ ಸೀಮೆ. ಭೀಮೆಯ ದಂಡೆಯ ಸನ್ನತಿಯಲ್ಲಿ ಅಶೋಕನ ಶಾಸನ ಸಿಕ್ಕಿದೆ, ಪಕ್ಕದ ಕನಗನಹಳ್ಳಿಯಲ್ಲಿ ಬೌದ್ಧ ಸ್ತೂಪವಿದೆ. ಚಿತ್ತಾಪುರದ ಮಗ್ಗುಲಿನ ನಾಗಾವಿಯಲ್ಲಿ 11ನೆಯ ಶತಮಾನದ ಘಟಿಕಾಸ್ಥಾನವಿತ್ತು. ಪುಸ್ತಕ ಕಾಯುವ ಸರಸ್ವತೀ ಭಂಡಾರಿಗರಿಗೂ ಅಲ್ಲಿ ಜೀವನಕ್ಕೆ ಭೂಮಿ ಬಿಟ್ಟಿದ್ದರೆಂದು ಶಾಸನ ಹೇಳುತ್ತದೆ. ಸೇಡಂ ತಾಲ್ಲೂಕಿನ ಮಳಖೇಡ ಅಮೋಘವರ್ಷ ನೃಪತುಂಗನ ರಾಜಧಾನಿ. ಕಲಬುರಗಿಯಲ್ಲಿ 1422ರಲ್ಲಿ ತೀರಿಕೊಂಡ ಬಂದೇನವಾಜರು ಕೊನೆಯವರೆಗೂ ಪಾಠ ಹೇಳಿದವರು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ರೈಲುದಾರಿ ತೆರೆಯಿತು. ಮುಂದೆ ಶಹಾಬಾದಿನ ಕಲ್ಲುಗಣಿ, ಸಿಮೆಂಟ್ ಕಾರ್ಖಾನೆಗಳು ಬಂದವು. ಕೆಲಸದ ಬೆನ್ನುಹತ್ತಿ ನಾನಾ ಭಾಷೆಯ ಜನ ಬಂದರು, ಅವರಲ್ಲಿ ಕ್ರೈಸ್ತ ಕುಟುಂಬಗಳೂ ಇದ್ದವು. ಫಾದರು, ಸಿಸ್ಟರು, ಅಕ್ಕೋರು ಎಂದು ಕರೆಸಿಕೊಂಡ ಎಷ್ಟೋ ಜನ ನಮ್ಮ ಮಕ್ಕಳಿಗೆ ಅಕ್ಷರ ಕಲಿಸಿದರು. ನಾವು ಉರ್ದು ಶಾಲೆ ಮುಗಿಸಿ ಕನ್ನಡ ಹೈಸ್ಕೂಲಿಗೆ ಸೇರಿದಾಗ, ನಮ್ಮ ಒತ್ತಕ್ಷರ ಕಂಡು ತರಗತಿ ನಕ್ಕಾಗ, ನಗದೆ ಇದ್ದವರೂ ಅಂಥ ಒಬ್ಬ ಅಕ್ಕೋರೇ. 'ನಗಬ್ಯಾಡ್ರಿ, ಅವಂಗ ಎರಡು ಲಿಪಿ ಬರ್ತದ, ನಿಮಗ ಒಂದು' ಎಂದು ಅವರು ಹೇಳಿದ ಮೇಲೆ ನಾವು ಬರೆಯುವುದನ್ನು ನಿಲ್ಲಿಸಲಿಲ್ಲ.

ಇಂದು ಬೋಧಕ ಎಂಬ ಪದವೇ ಅನುಮಾನಕ್ಕೆ ಒಳಗಾಗಿದೆ. 2022ರಲ್ಲಿ ರಾಜ್ಯದಲ್ಲಿ ಮತಾಂತರ ನಿಷೇಧದ ಕಾಯ್ದೆ ಬಂತು. 2023ರಲ್ಲಿ ಸಚಿವ ಸಂಪುಟ ಅದನ್ನು ಹಿಂಪಡೆಯುವ ತೀರ್ಮಾನ ಮಾಡಿತು. ಕಾಯ್ದೆಯ ಮಾತು ಏನೇ ಇರಲಿ, ಪ್ರಾರ್ಥನೆಗೆ ಸೇರಿದವರ ಮನೆಯ ಮುಂದೆ ಗುಂಪು ಕಟ್ಟುವ ಚಾಳಿಗೆ ಅದು ಧೈರ್ಯ ಕೊಟ್ಟಿತು. 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳ ಅನುವಾದಕ್ಕೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ನಾಡು ಸಂಭ್ರಮಿಸಿತು. ಅದೇ ವರ್ಷ ಅವರನ್ನು ಮೈಸೂರು ದಸರಾ ಉದ್ಘಾಟನೆಗೆ ಕರೆದಾಗ ಆಕ್ಷೇಪ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ಎರಡೂ ಕಡೆ ಅರ್ಜಿ ನಿಲ್ಲಲಿಲ್ಲ, ಅವರು ಉದ್ಘಾಟಿಸಿದರು. ಆದರೆ ಕೇಳಿದ ಪ್ರಶ್ನೆ ಕೇಳಿದ್ದೇ ಆಯಿತು: ನೀನು ಪೂರ್ತಿ ನಮ್ಮವಳೇ? ಉತ್ತಂಗಿಯವರ ಹೆಸರಿನ ಹಿಂದಿನ 'ಕ್ರೈಸ್ತರಾಗಿದ್ದರೂ' ಎಂಬ ಪದವೂ ಇದೇ ಪ್ರಶ್ನೆಯ ಮೆದು ರೂಪ.

ನಮ್ಮ ಕಡೆಗೂ ಒಂದು ಪ್ರಶ್ನೆ ತಿರುಗಿಸಿಕೊಳ್ಳಬೇಕು. ಕ್ರೈಸ್ತರಲ್ಲಿ ಒಬ್ಬ ಉತ್ತಂಗಿ ವಚನಗಳಿಗಾಗಿ ಊರೂರು ತಿರುಗಿದರು. ನಮ್ಮ ಮಸೀದಿ, ಮದರಸಾಗಳಲ್ಲಿ ಪ್ರವಚನ ಹೇಳುವ ಎಷ್ಟು ಜನ ನೆರೆಯವರ ಒಂದು ಪುಸ್ತಕವನ್ನು ಗೌರವದಿಂದ ತೆರೆದು ಓದಿದ್ದಾರೆ? ನಮ್ಮಲ್ಲಿ ಮುಬಲ್ಲಿಗರು ಹೆಚ್ಚುತ್ತಿದ್ದಾರೆ, ಮೊಬೈಲಿನ ತುಂಬ ಅವರ ಭಾಷಣ. ಮುಅಲ್ಲಿಮರು ಕಡಿಮೆಯಾಗುತ್ತಿದ್ದಾರೆ. ಇತರರ ಕಿವಿ ನಮ್ಮ ಕಡೆ ತಿರುಗಬೇಕೆಂದು ಬಯಸುವವರು ನಮ್ಮ ಕಿವಿಯನ್ನು ಯಾರಿಗೆ ಕೊಟ್ಟಿದ್ದೇವೆ ಎಂದು ನೋಡಿಕೊಳ್ಳುವುದು ಒಳ್ಳೆಯದು. ಉತ್ತಂಗಿಯವರು 1962ರಲ್ಲಿ ತೀರಿಕೊಳ್ಳುವವರೆಗೂ ಕ್ರೈಸ್ತರಾಗಿಯೇ ಇದ್ದರು. ನೆರೆಯವರ ಗ್ರಂಥ ಓದಿ ಅವರ ನಂಬಿಕೆ ಕರಗಲಿಲ್ಲ.

ವಾಡಿಯ ಮಾಸ್ತರರೂ ಹಾಗೆಯೇ ಇದ್ದರಂತೆ. ತಾವಾಗಿ ಅವರು ಎಂದೂ ಯೇಸುವಿನ ಮಾತು ಎತ್ತಲಿಲ್ಲ. ಒಮ್ಮೆ ದಾದಾ ಅವರೇ ಕೆದಕಿ ಕೇಳಿದರು. ಮಾಸ್ತರರು ತಮ್ಮ ನಂಬಿಕೆಯನ್ನು ಮುಚ್ಚಿಡದೆ ಹೇಳಿದರು. ದಾದಾ ಬಿಡದೆ ವಾದ ಮಾಡಿದರು. ಚಿತ್ತಾಪುರಕ್ಕೆ ಹೋಗುವ ಗಾಡಿ ತಪ್ಪಿಹೋಯಿತು. ಆ ರಾತ್ರಿ ದಾದಾ ಮಾಸ್ತರರ ಮನೆಯಲ್ಲೇ ಉಂಡು ಮಲಗಿದರು. ಮರುವಾರ ಪಾಠ ಎಂದಿನಂತೆ ಮುಂದುವರಿಯಿತು.

ನೋಟುಪುಸ್ತಕದ ಉರ್ದು ಕಡೆಯ ಕೆಲವು ಪುಟಗಳಲ್ಲಿ ಬೇರೊಂದು ಕೈಬರಹವಿದೆ. ಅಲಿಫ್, ಬೇ, ಪೇ ಎಂದು ಮಕ್ಕಳಂತೆ ದಪ್ಪದಪ್ಪಗೆ ಬರೆದದ್ದು. ಪ್ರತಿ ಅಕ್ಷರದ ಕೆಳಗೆ ಅದರ ಉಚ್ಚಾರ ಮುತ್ತಿನಂಥ ಕನ್ನಡದಲ್ಲಿದೆ. ಚಿಕ್ಕವರಿದ್ದಾಗ ಅದನ್ನು ಮನೆಯ ಯಾವುದೋ ಮಗುವಿನ ಬರಹವೆಂದುಕೊಂಡಿದ್ದೆವು. ದಾದಿ ಹೇಳಿದ ಮೇಲೆ ಗೊತ್ತಾಯಿತು, ಅದು ಮಾಸ್ತರರದು. ಕನ್ನಡದ ಪಾಠ ಮುಗಿದ ಮೇಲೆ ಅವರು ದಾದಾ ಅವರ ಎದುರು ಕುಳಿತು ಉರ್ದು ತಿದ್ದುತ್ತಿದ್ದರಂತೆ.